ಕಪ್ತಾನ ಊಟಕ್ಕೆ ಬಂದ ಭಾನುವಾರ

ಹತ್ತು ತಿಂಗಳಿಂದ ಸಕೆಲಾರಿಸ್ ಒಂದು ಹೊತ್ತೂ ಹೊಟ್ಟೆ ತುಂಬ ಉಂಡಿರಲಿಲ್ಲ.

ಹಿಂದಿನ ಅಕ್ಟೋಬರಿನಲ್ಲಿ ಕಡಲ ತಳದ ಸ್ಪಂಜು ಕಿತ್ತು ತರುವ ದೋಣಿಗಳು ಗ್ರೀಸಿನ ಕಾಲಿಮ್ನೊಸ್ ದ್ವೀಪದ ಬಂದರಿಗೆ ಮರಳಿದಾಗ ಅವನನ್ನು ನಾಲ್ಕು ಜನ ಹಾಯಿಬಟ್ಟೆಯಲ್ಲಿ ಹೊತ್ತು ತಂದು ಮನೆಯಲ್ಲಿ ಮಲಗಿಸಿ ಹೋಗಿದ್ದರು. ಮೂವತ್ತು ಮಾರು ಆಳದಿಂದ ಅವಸರವಾಗಿ ಮೇಲೆ ಬಂದಿದ್ದನಂತೆ. ನೀರಿಗಿಳಿಯುವ ತಾಮ್ರದ ಟೊಪ್ಪಿ ಕಳಚಿ ಒಂದು ಸಿಗರೇಟು ಹಚ್ಚುವಷ್ಟರಲ್ಲಿ ಸೊಂಟದಿಂದ ಕೆಳಗೆ ಸತ್ತೇಹೋಗಿತ್ತು. ಅದಕ್ಕೆ ಊರಲ್ಲಿ ‘ಸಮುದ್ರ ಹಿಡೀತು’ ಅನ್ನುತ್ತಿದ್ದರು. ಬೀದಿಗೊಬ್ಬ ಹಾಗೆ ಹಿಡಿಸಿಕೊಂಡವನಿದ್ದ. ಸಕೆಲಾರಿಸನಿಗೆ ಮೂವತ್ತನಾಲ್ಕು ವರ್ಷ.

ಅವನ ಹೆಂಡತಿ ನೊಮಿಕಿ ಮಾಡದ ಅಡುಗೆ ಇರಲಿಲ್ಲ. ಕಡಲೆ ಬೇಯಿಸಿದಳು, ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿದಳು, ಅಕ್ಕಪಕ್ಕದವರನ್ನು ಕೇಳಿ ಮೊಟ್ಟೆ ತಂದಳು. ಅವನು ಎರಡು ತುತ್ತು ತಿಂದು ಗೋಡೆಯ ಕಡೆ ಮುಖ ಮಾಡುತ್ತಿದ್ದ.

“ಇನ್ನೊಂದು ತುತ್ತು, ಬಂಗಾರ.”

“ಬಿದ್ದಲ್ಲೇ ಬಿದ್ದಿರೋ ಕೊರಡಿಗೆ ಎಷ್ಟು ಉಣಿಸ್ತೀಯ? ಹೋಗು.”

ಅಂಥವನು ಆಗಸ್ಟಿನ ಮೊದಲ ಶನಿವಾರ ತಾನಾಗಿಯೇ ಅಡುಗೆಯ ಮಾತೆತ್ತಿದ. “ನಾಳೆ ಕಪ್ತಾನ ಪೊಥಿತೊಸ್ ಊಟಕ್ಕೆ ಬರ್ತಾನೆ. ತರಕಾರಿ ಬೇಯಿಸಿ ಬ್ರಿಯಾಮ್ ಮಾಡು. ಎಣ್ಣೆ ಧಾರಾಳ ಹಾಕು.”

ನೊಮಿಕಿಗೆ ಒಂದು ಗಳಿಗೆ ಸಂತೋಷವೇ ಆಯಿತು. ಆಮೇಲೆ ಅನುಮಾನ ಬಂತು. ಪೊಥಿತೊಸನ ದೋಣಿ ಅಕ್ಟೋಬರಿಗೆ ಮುಂಚೆ ಊರಲ್ಲಿ ಇರಬಾರದಿತ್ತು. ಸ್ಪಂಜಿಗೆ ಮುಳುಗುವವನೊಬ್ಬ ಜ್ವರ ಬಂದು ಮಲಗಿದ್ದರಿಂದ ನಡುವೆಯೇ ಮರಳಿತ್ತು. ಬೇರೊಬ್ಬನನ್ನು ಹುಡುಕುತ್ತಿದ್ದಾರೆ ಎಂದು ಬೀದಿಯಲ್ಲಿ ಕೇಳಿದ್ದಳು.

“ಅವರಿಗೂ ನಮಗೂ ಏನು ಕೆಲಸ?”

“ನಾನು ಹೋಗ್ತಿದೀನಿ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಮದುವೆ ಮನೆಗೆ ಕುಣಿಯೋಕಾ? ನೀರಿಗೆ.”

ಅವಳು ಅತ್ತಳು, ಬೈದಳು, ಮಂಚದ ಕಾಲಿಗೆ ಹಣೆ ಚಚ್ಚಿಕೊಂಡಳು. ಅವನು ಗೋಡೆ ನೋಡಲಿಲ್ಲ, ಅವಳನ್ನೇ ನೋಡಿದ. “ಆಳದಲ್ಲಿ ಕಾಲು ಬರುತ್ತೆ ನೊಮಿಕಿ. ಹಿಡಿಸಿಕೊಂಡೋರೆಲ್ಲ ಹೇಳ್ತಾರೆ. ಅಲ್ಲಿ ನಿಲ್ಲಬಹುದು.”

ಭಾನುವಾರ ಪೂಜೆ ಮುಗಿಸಿ ಬಂದವಳು ಅಂಗಳದ ಗೂಡೊಲೆಗೆ ಒಣ ಪೊದೆ ತುಂಬಿ ಬೆಂಕಿ ಕೊಟ್ಟಳು. ಮಾತೆ ಮರಿಯಳ ಉಪವಾಸದ ದಿನಗಳು. ಮಾಂಸ, ಮೀನು, ಹಾಲು ಯಾವುದೂ ಇಲ್ಲ, ಭಾನುವಾರ ಎಣ್ಣೆಗೆ ಮಾತ್ರ ಅಡ್ಡಿಯಿಲ್ಲ. ಬದನೆಕಾಯಿ ಹೆಚ್ಚಿ ಉಪ್ಪು ಸವರಿ ಕಹಿನೀರು ಇಳಿಯಲು ಬಿಟ್ಟಳು. ಎಳೆ ಜುಕಿನಿ, ಆಲೂಗಡ್ಡೆಗಳನ್ನು ಬಿಲ್ಲೆಬಿಲ್ಲೆಯಾಗಿ ಕೊಯ್ದಳು. ಈರುಳ್ಳಿ ಹೆಚ್ಚುವಾಗ ಹೇಗೂ ಅಳಬಹುದಲ್ಲ, ಅತ್ತಳು.

ಪಕ್ಕದ ಮನೆಯ ಥೆಮೆಲಿನಾ ಬಾಗಿಲಲ್ಲಿ ಬಂದು ನಿಂತಳು. ಒಳಗೆ ಬರಲಿಲ್ಲ.

“ನನ್ನ ಮೇಲೆ ಕೋಪ ಮಾಡ್ಕೋಬೇಡ ಕಣೇ. ಕಪ್ತಾನಂಗೆ ನಿನ್ನ ಗಂಡ ಹೇಳಿ ಕಳಿಸಿದ್ದು ನನ್ನ ಕೈಲೇ.”

“ನಿನ್ನ ಕೈಲಾ? ನಿನ್ನ ನಾಲಿಗೆ ಬಿದ್ದು ಹೋಗ!”

“ಹೋಗಲಿ ಬಿಡು. ನೀನು ನೀರು ತರೋಕೆ ಹೋದಾಗೆಲ್ಲ ಅವನು ಕಿಟಕಿಯಿಂದ ನನ್ನ ಕರೀತಿದ್ದ. ಒಂದಿನ ಏನು ಕೇಳಿದ ಗೊತ್ತಾ? ಇಲಿ ಪಾಷಾಣ ತಂದುಕೊಡು ಅಂದ. ಅದಕ್ಕಿಂತ ಇದು ವಾಸಿ ಅಂತ ಹೋಗಿ ಹೇಳಿದೆ.”

ನೊಮಿಕಿ ಚಾಕು ಕೆಳಗಿಟ್ಟಳು. ಹತ್ತು ತಿಂಗಳು ಒಂದೇ ಮನೆಯಲ್ಲಿದ್ದು ತನಗೆ ತಿಳಿಯದ್ದು ಪಕ್ಕದ ಮನೆಗೆ ತಿಳಿದಿತ್ತು.

ಥೆಮೆಲಿನಾ ಹೋದ ಮೇಲೆ ತಾಮ್ರದ ಹರಿವಾಣದಲ್ಲಿ ತರಕಾರಿಯೆಲ್ಲ ಹರಡಿ, ಬೆಳ್ಳುಳ್ಳಿ ಜಜ್ಜಿ ಹಾಕಿ, ಟೊಮೇಟೊ ಹಿಸುಕಿ ಮೇಲೆ ಸುರಿದು, ಎಣ್ಣೆ ಹೊಯ್ದಳು. ಉಪ್ಪು ಹಾಕಲು ಹೋದ ಕೈ ಹಿಡಿ ತುಂಬ ಉಪ್ಪು ಬಾಚಿತು. ಬಾಯಿಗಿಡಲಾಗದಂಥ ಊಟ ಬಡಿಸಿದರೆ ಕಪ್ತಾನ ಮುನಿಸಿಕೊಂಡು ಎದ್ದುಹೋಗಬಹುದು ಎಂಬ ಹುಚ್ಚು ಯೋಚನೆ. ಉಪ್ಪು ಹಿಡಿದು ಎಷ್ಟೋ ಹೊತ್ತು ನಿಂತಳು. ಉಪ್ಪಿಗೆಲ್ಲ ಹೆದರುವ ಜನವೇ ಅವರು? ಹಿಡಿಯನ್ನು ಉಪ್ಪಿನ ಮಡಕೆಗೇ ಸುರಿದು, ಚಿಟಿಕೆ ಹಾಕಿ, ಹರಿವಾಣವನ್ನು ಗೂಡೊಲೆಗೆ ತಳ್ಳಿದಳು. ಬಾಗಿಲ ತಗಡು ಮುಚ್ಚಿ ಸುತ್ತ ಮಣ್ಣು ಮೆತ್ತಿದಳು. ಇದನ್ನು ತೆಗೆಯುವುದೇ ಇಲ್ಲ, ಕರಿಕಲಾಗಲಿ ಎಂದು ಅಂಗಳದಲ್ಲಿ ಕೂತುಬಿಟ್ಟಳು.

ಗಂಟೆ ಕಳೆಯಿತು. ಟೊಮೇಟೊ ಎಣ್ಣೆಯಲ್ಲಿ ಇಂಗುವ ವಾಸನೆ ಬಂತು, ಅಂಚು ಕೆಂಪೇರುವ ವಾಸನೆ ಬಂತು. ಅವಳು ಏಳಲಿಲ್ಲ. ಆಗ ಒಳಗಿನಿಂದ ಕೂಗು:

“ನೊಮಿಕೀ! ಎಲ್ಲಿ ಸತ್ತೆ? ಸೀದುಹೋಗುತ್ತೆ, ತೆಗಿಯೇ!”

ಅಡುಗೆಯ ವಾಸನೆ ಅವನ ಮೂಗಿಗೆ ತಾಕಿ ಹತ್ತು ತಿಂಗಳಾಗಿತ್ತು. ಅವಳು ಓಡಿಹೋಗಿ ಬರಿಗೈಯಲ್ಲೇ ತಗಡು ಕಿತ್ತಳು. ಅಂಗೈ ಸುಟ್ಟಿತು.

ಕಪ್ತಾನ ಪೊಥಿತೊಸ್ ಅರವತ್ತರ ಗಟ್ಟಿ ಆಳು. ಗೇಟಿನ ಹತ್ತಿರವೇ ನೊಮಿಕಿ ಅವನನ್ನು ತಡೆದು, ಸುಟ್ಟ ಕೈಯಲ್ಲೇ ತೋಳು ಹಿಡಿದುಕೊಂಡಳು.

“ಆಗಲ್ಲ ಅಂದ್ಬಿಡಿ ಕಪ್ತಾನ್ರೇ. ನಿಮ್ಮ ಬಾಯಿಂದ ಒಂದು ಮಾತು ಸಾಕು. ನಿಮ್ಮ ಮನೆ ಗುಡಿಸ್ತೀನಿ, ಬದುಕಿರೋ ತನಕ ಬಟ್ಟೆ ಒಗೀತೀನಿ.”

“ಅಂದೆ ಅಂತಿಟ್ಕೊ ತಾಯಿ. ಆಮೇಲೆ? ಹೋದ ವರ್ಷ ಇನ್ನೊಬ್ಬನ ಹೆಂಡತಿ ಹೀಗೇ ಕಾಲು ಹಿಡಿದ್ಲು. ಗಂಡನ್ನ ಬಿಟ್ಟು ಹೋದೆ. ನನ್ನ ದೋಣಿ ಬಂದರು ದಾಟೋದರೊಳಗೆ ಅವನು ತೆವಳ್ಕೊಂಡು ಹೋಗಿ ಬಾವಿಗೆ ಬಿದ್ದಿದ್ದ.” ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. “ಕರ್ಕೊಂಡು ಹೋದ್ರೂ ಪಾಪ, ಬಿಟ್ರೂ ಪಾಪ. ನನಗೂ ದಾರಿ ಕಾಣಲ್ಲ.”

ಆ ಊಟದ ಹೊತ್ತನ್ನು ನೊಮಿಕಿ ಆಮೇಲೆ ಯಾರಿಗೂ ಹೇಳಲಾರದೆ ಹೋದಳು. ಮಂಚಕ್ಕೆ ಮೇಜು ಒತ್ತರಿಸಿ ಹರಿವಾಣ ನಡುವೆ ಇಟ್ಟಳು. ಸಕೆಲಾರಿಸ್ ಬಡಿಸುವ ತನಕ ಕಾಯಲಿಲ್ಲ. ಬದನೆಯ ಹೋಳನ್ನು ಬೆರಳಲ್ಲೇ ಎತ್ತಿ ಬಾಯಿಗಿಟ್ಟು ನಕ್ಕ. ಒಂದು ತಟ್ಟೆ ಮುಗಿಸಿದ, ಎರಡು ಮುಗಿಸಿದ. ತಳಕ್ಕೆ ಹತ್ತಿದ ಆಲೂಗಡ್ಡೆಯನ್ನು ಕೆರೆದು ತಿಂದ. ಬ್ರೆಡ್ಡು ಮುರಿದು ಎಣ್ಣೆ ಬಳಿದು ಬಳಿದು ತಿಂದ. ಕಪ್ತಾನನೊಂದಿಗೆ ಹರಟಿದ, ಯಾವ ದ್ವೀಪದ ಹಿಂದೆ ಒಳ್ಳೆಯ ಸ್ಪಂಜು ಇದೆ ಎಂದು ಮೇಜಿನ ಮೇಲೆ ಗೆರೆ ಎಳೆದು ತೋರಿಸಿದ.

“ನೀನು ಕೂತ್ಕೊಳೇ, ತಿನ್ನು. ಅಮೃತ ಮಾಡಿದೀಯ.”

ಅವನು ಹೀಗೆ ಉಣ್ಣಲಿ ಎಂದೇ ಅವಳು ಹತ್ತು ತಿಂಗಳು ಹರಕೆ ಹೊತ್ತಿದ್ದಳು. ಈಗ ಅವಳು ಒಂದೊಂದು ತುತ್ತನ್ನೂ ನೋಡುತ್ತಿದ್ದಳು. ಇವನು ಬದುಕುವುದಕ್ಕೆ ಉಣ್ಣುತ್ತಿಲ್ಲ, ಹೊರಡುವುದಕ್ಕೆ ಉಣ್ಣುತ್ತಿದ್ದಾನೆ.

ತಟ್ಟೆ ಎತ್ತುವ ಬದಲು ಅವಳು ಹೇಳಿದಳು: “ನನಗೆ ತೋರಿಸಿ. ನೀರಲ್ಲಿ ಕಾಲು ಬರುತ್ತೆ ಅಂತೀರಲ್ಲ, ನಾನೇ ನೋಡ್ಬೇಕು. ಸುಳ್ಳಾದ್ರೆ ಇವನು ಎಲ್ಲಿಗೂ ಹೋಗಕೂಡದು.”

“ಹೆಂಗಸರು ದೋಣಿ ಹತ್ತಿದ್ರೆ ಅಪಶಕುನ ಕಣಮ್ಮ.”

“ಇನ್ನೂ ಎಲ್ಲಿ ಜಾಗ ಉಳಿದಿದೆ ಕಪ್ತಾನ್ರೇ, ಅಪಶಕುನ ಬಂದು ಕೂರೋಕೆ?”

ಸೋಮವಾರ ಬೆಳಗ್ಗೆ ದೋಣಿ ಬಂದರಿನ ಬಾಯಿಯ ಹೊರಗೆ ನಿಂತಿತು. ರಬ್ಬರಿನ ಉಡುಪು ತೊಡಿಸಿ, ಸೀಸದ ಭಾರ ಕಟ್ಟಿ, ತಾಮ್ರದ ಟೊಪ್ಪಿ ತಿರುಗಿಸಿ ಬಿಗಿದು, ಅವನನ್ನು ಮೂಟೆಯಂತೆ ಎತ್ತಿ ಹಗ್ಗದಲ್ಲಿ ಇಳಿಬಿಟ್ಟರು. ಇಬ್ಬರು ಗಾಳಿಯ ಪಂಪು ತಿರುಗಿಸುತ್ತಿದ್ದರು. ತಳಕ್ಕೆ ಗಾಜು ಕೂರಿಸಿದ ತಗಡಿನ ಡಬ್ಬವನ್ನು ಕಪ್ತಾನ ನೊಮಿಕಿಗೆ ಕೊಟ್ಟ. ಅವಳು ದೋಣಿಯ ಅಂಚಿನಲ್ಲಿ ಬೋರಲು ಮಲಗಿ ಅದನ್ನು ನೀರಿಗೆ ಒತ್ತಿ ಮುಖವಿಟ್ಟಳು.

ಕೆಳಗೆ ಬಿಳಿ ಮರಳು. ಅವನು ಇಳಿದು ಮರಳಿನ ಮೇಲೆ ಕುಸಿದ. ಸುಳ್ಳಾಯಿತು, ದೇವರೇ, ಸುಳ್ಳಾಗಲಿ. ಆದರೆ ಅವನು ಮೆಲ್ಲಗೆ ಎದ್ದ. ನೆಟ್ಟಗೆ ನಿಂತ. ಒಂದು ಕಾಲು ಮುಂದೆ ಬಂತು, ಇನ್ನೊಂದು ಬಂತು. ಹೆಜ್ಜೆ ಅವನದೋ, ತೂಗುವ ನೀರಿನದೋ ಅವಳಿಗೆ ಹೇಳಲು ಆಗಲಿಲ್ಲ. ಅವನು ತಲೆಯೆತ್ತಿ ದೋಣಿಯ ಕಡೆ ಕೈ ಬೀಸಿದ.

“ಕಂಡ್ಯಾ?” ಎಂದ ಕಪ್ತಾನ.

“ಕಂಡೆ.”

ಅವತ್ತೇ ಮಧ್ಯಾಹ್ನ ದೋಣಿ ಹೊರಟಿತು.

ಅಕ್ಟೋಬರಿನಲ್ಲಿ ಅವನು ಜೀವಸಹಿತ ಬಂದ. ನೆಲದ ಮೇಲೆ ಕಾಲು ಅದೇ ಕೊರಡು; ಜೊತೆಗೆ ಎಡಗೈ ನಡುಗುತ್ತಿತ್ತು, ಲೋಟ ಹಿಡಿಯಲಾಗುತ್ತಿರಲಿಲ್ಲ. ಚಳಿಗಾಲ ಪೂರ್ತಿ ಮತ್ತೆ ಗೋಡೆ ನೋಡಿದ. ಈಸ್ಟರ್ ಕಳೆದು ದೋಣಿಗಳು ಸಜ್ಜಾಗುತ್ತಿದ್ದಾಗ ಪೊಥಿತೊಸನ ಬಾಗಿಲು ಬಡಿದವಳು ನೊಮಿಕಿಯೇ.

“ಅವನನ್ನ ಕರ್ಕೊಂಡು ಹೋಗಿ. ಕೆಲಸ ಮಾಡಿಸಬೇಡಿ. ಸುಮ್ಮನೆ ಇಳಿಸಿ, ನಿಲ್ಲಲಿ.”

ಕಪ್ತಾನ ಅವಳ ಮುಖ ನೋಡಲಿಲ್ಲ. “ಕೈಯೂ ಹೋಯ್ತಲ್ಲ ತಾಯಿ. ಹಗ್ಗ ಜಗ್ಗಿ ಸನ್ನೆ ಮಾಡೋಕೂ ಆಗಲ್ಲ. ನೀರಲ್ಲೇ ಹೆಣ ಆಗ್ತಾನೆ.”

ದೋಣಿಗಳು ಹೋದವು. ಮೇ ತಿಂಗಳು ನೀರು ಬೆಚ್ಚಗಾದ ಮೇಲೆ ಒಂದು ಬೆಳಗ್ಗೆ ನೊಮಿಕಿಯೂ ಥೆಮೆಲಿನಾಳೂ ಸೇರಿ ಅವನನ್ನು ಕತ್ತೆಯ ಮೇಲೆ ಕೂರಿಸಿ ಸಣ್ಣ ಕೊಲ್ಲಿಗೆ ಒಯ್ದರು. ಹೆಂಗಸು ಉಟ್ಟಬಟ್ಟೆಯಲ್ಲಿ ಸಮುದ್ರಕ್ಕೆ ಇಳಿಯುವುದನ್ನು ಊರು ಕಂಡಿರಲಿಲ್ಲ. ನೊಮಿಕಿ ಅವನ ಕಂಕುಳಲ್ಲಿ ಕೈ ಕೊಟ್ಟು ಹಿಂದಕ್ಕೆ ಹೆಜ್ಜೆಯಿಡುತ್ತ ಆಳದ ಕಡೆ ನಡೆದಳು. ಅವನ ಕಾಲುಗಳು ನೀರ ಮೇಲೆ ತೇಲಿದವು, ತಳಕ್ಕೆ ಇಳಿಯಲಿಲ್ಲ.

“ಆಳ ಸಾಲದು ಕಣೇ,” ಎಂದ ಅವನು.

ಅವಳಿಗೆ ಈಜು ಬರುತ್ತಿರಲಿಲ್ಲ. ಇನ್ನೆರಡು ಹೆಜ್ಜೆ ಹೋದಳು. ನೀರು ಗಲ್ಲಕ್ಕೆ ಬಂತು. ದಡದಿಂದ ಥೆಮೆಲಿನಾ, “ಸಾಕು ನಿಲ್ಲಿ, ಹುಚ್ಚುಮುಂಡೇವಾ!” ಎಂದು ಅರಚುತ್ತಿದ್ದಳು.

“ಈಗ?”

“ಇನ್ನೂ ಸಾಲದು.”

ಅವನು ಇನ್ನು ನಾಲ್ಕು ವರ್ಷ ಬದುಕಿದ. ನೀರು ಬೆಚ್ಚಗಿರುವಷ್ಟು ದಿನವೂ ಅವಳು ಅವನನ್ನು ಅಲ್ಲಿಗೆ ಒಯ್ದಳು, ಗಲ್ಲದ ಮಟ್ಟಕ್ಕೆ ಹೋಗಿ ನಿಂತಳು. ಅವನ ಕಾಲು ಒಂದು ದಿನವೂ ತಳ ಮುಟ್ಟಲಿಲ್ಲ.