ಆಯುಧಪೂಜೆಗೆ ಬಂದ ಬ್ರಿಗೇಡಿಯರ್

ನಾನು ಚಿಕ್ಕವನಿದ್ದಾಗ, ಒಂದು ಆಯುಧಪೂಜೆಯ ದಿನ ಬೆಳಗ್ಗೆ ಹತ್ತೂ ಇಪ್ಪತ್ತಕ್ಕೆ, ನಮ್ಮ ಮನೆಯೊಳಗೆ ಗುಂಡು ಹಾರಿತು. ಗೋಡೆಯ ಗಡಿಯಾರ ನನ್ನೆದುರಿಗೇ ಇತ್ತು.

ಆಗ ನಾವು ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿದ್ದೆವು. ಅಪ್ಪ ಡಾಕ್ಟರು. ಪಕ್ಕದ ಮನೆಯಲ್ಲಿ ಬ್ರಿಟಿಷ್ ಸೇನೆಯ ನಿವೃತ್ತ ಬ್ರಿಗೇಡಿಯರ್ ಒಬ್ಬಂಟಿಯಾಗಿದ್ದರು. ಹತ್ತೊಂಬತ್ತನೇ ವಯಸ್ಸಿಗೆ ಹಡಗು ಹತ್ತಿ ಹಿಂದೂಸ್ತಾನಕ್ಕೆ ಬಂದವರು, ಬರ್ಮಾದ ಕಾಡಿನಲ್ಲಿ ಕಾದಾಡಿ, ಸಾವಿರಾರು ಸೈನಿಕರನ್ನು ನಡೆಸಿ, ಕೊನೆಗೆ ಕೀನ್ಯಾದಲ್ಲಿ ಉಳಿದಿದ್ದರು. ಬರ್ಮಾದ ಕತೆ ಎಷ್ಟು ಬೇಕಾದರೂ ಹೇಳುತ್ತಿದ್ದರು. ಇಲ್ಲಿ ಏನು ಮಾಡಿದಿರಿ ಎಂದರೆ ಮಾತ್ರ ಸುಮ್ಮನೆ ಚಹಾ ಕಲಕುತ್ತಿದ್ದರು. ನನ್ನನ್ನು ‘ಜವಾನ್’ ಎಂದು ಕರೆಯುತ್ತಿದ್ದರು.

ಹಬ್ಬಕ್ಕೆ ಅಪ್ಪನ ಸ್ಟೆತಾಸ್ಕೋಪು, ಕತ್ತರಿ, ಹೊಲಿಗೆ ಯಂತ್ರ ಎಲ್ಲಕ್ಕೂ ಕುಂಕುಮ ಹಚ್ಚಿದ್ದೆವು. ಅಕ್ಕ ಬೇಲಿಯಾಚೆ ಇಣುಕಿ, “ಅಂಕಲ್, ಬರೀ ಕತೆ ಹೇಳ್ತೀರಲ್ಲ, ನಿಮ್ಮ ಆಯುಧ ಎಲ್ಲಿ?” ಎಂದು ಇಂಗ್ಲಿಷಿನಲ್ಲಿ ಕೆಣಕಿದಳು. ಅವರು ನಕ್ಕು, ಹಳೆಯ ರಿವಾಲ್ವರನ್ನು ತಂದು ಹೂವಿನ ತಟ್ಟೆಯ ಪಕ್ಕ ಇಟ್ಟರು. ಗುಂಡುಗಳನ್ನು ತೆಗೆದಿದ್ದೇನೆ ಎಂದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಒಂದು ಗುಂಡು ಒಳಗೇ ಉಳಿದಿತ್ತು.

ಪೂಜೆಯೆಂದರೆ ಒಂದು ಸಂದೂ ಬಿಡಬಾರದೆಂದು ನನ್ನ ನಂಬಿಕೆ. ಎರಡೂ ಹೆಬ್ಬೆರಳಿನಿಂದ ರಿವಾಲ್ವರಿನ ಹಿಂದಿನ ಕೊಕ್ಕೆಯನ್ನು ಎಳೆದು, ಅದರಡಿ ಕುಂಕುಮವಿಟ್ಟೆ. ಆಮೇಲೆ ಕೆಳಗೆ ಟ್ರಿಗರ್ ಸುತ್ತಲಿನ ಬಳೆಯೊಳಕ್ಕೆ ಚೆಂಡುಹೂವನ್ನು ತುರುಕಿದೆ.

ಕಿವಿ ಮುಚ್ಚಿಹೋಯಿತು. ಕರ್ಪೂರದ ಹೊಗೆಯ ಜೊತೆ ಇನ್ನೊಂದು ಕಹಿ ಹೊಗೆ. ಅಕ್ಕ ಗೋಡೆಗೊರಗಿ ಕುಸಿದಳು; ಎಡಭುಜ ಒದ್ದೆಯಾಗುತ್ತಿತ್ತು. ಬ್ರಿಗೇಡಿಯರ್ ತಮ್ಮ ಕೋಟನ್ನೇ ಒತ್ತಿ ಹಿಡಿದು, “ಡಾಕ್ಟರ್! ಡಾಕ್ಟರ್!” ಎಂದು ಕೂಗಿದರು. ಕಾರಿನ ಚಕ್ರಕ್ಕೆ ನಿಂಬೆಹಣ್ಣಿಡುತ್ತಿದ್ದ ಅಪ್ಪ ಓಡಿಬಂದರು. ಅವರು ಬರುವುದರೊಳಗೆ ಬ್ರಿಗೇಡಿಯರ್ ರಿವಾಲ್ವರನ್ನು ತಮ್ಮ ಕೈಗೆ ತೆಗೆದುಕೊಂಡು, ನನಗೆ ಮೆಲ್ಲಗೆ ಹೇಳಿದರು: “ಚುಪ್, ಜವಾನ್.”

ಪೊಲೀಸರಿಗೂ ಅವರು ಹೇಳಿದ್ದು, ತಮ್ಮ ಕೈ ಜಾರಿತು ಎಂದೇ.

“ಜೀವಮಾನವೆಲ್ಲ ಸೇನೇಲಿದ್ದು ಕಲಿತದ್ದು ಇದೇನಾ? ನಮ್ಮ ಮನೆ ಮೆಟ್ಟಿಲು ಹತ್ತಬೇಡಿ,” ಎಂದರು ಅಪ್ಪ. ಬ್ರಿಗೇಡಿಯರ್ ತಲೆಬಾಗಿ ನಿಂತಿದ್ದರು. ನಾನು ಬಾಗಿಲ ಹಿಂದೆ ಇದ್ದೆ.

ಹನ್ನೊಂದು ದಿನದ ಮೇಲೆ ಅಕ್ಕ ಆಸ್ಪತ್ರೆಯಿಂದ ಬಂದಳು. ಆ ಕೈ ಮತ್ತೆ ಭುಜದಿಂದ ಮೇಲಕ್ಕೆ ಏಳಲಿಲ್ಲ. ರಾತ್ರಿ ಕಣ್ಣು ಮುಚ್ಚಿದರೆ ನನಗೆ ಅದೇ ಸದ್ದು. ಆ ತಿಂಗಳೇ ಬ್ರಿಗೇಡಿಯರ್ ಮನೆ ಮಾರಿ, ಎಂಬಕಸಿ ನಿಲ್ದಾಣದಿಂದ ವಿಮಾನ ಹತ್ತಿ ಹೊರಟುಹೋದರು. ಬೀಳ್ಕೊಡಲು ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಮರುದಿನ ಅಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಅಪ್ಪ ಬೈಯಲಿಲ್ಲ. ಬ್ರಿಗೇಡಿಯರಿಗೆ ಕಾಗದ ಬರೆಯತೊಡಗಿದರು.

ಮಕ್ಕಳೇ, ನೀವು ಇದೇ ನೈರೋಬಿಯ ಕಿಲಿಮಾನಿಯ ಫ್ಲ್ಯಾಟಿನಲ್ಲಿ ಕೂತು, ಯಾವ ದೇಶದಲ್ಲಿರುವವರಿಗೂ ಒಂದು ಕ್ಷಣದಲ್ಲಿ ‘ಸಾರಿ’ ಕಳಿಸುತ್ತೀರಿ. ಓದಿದರೋ ಇಲ್ಲವೋ ಎಂಬುದೂ ತಿಳಿಯುತ್ತದೆ. ಅಪ್ಪನ ಕಾಗದ ಎರಡು ತಿಂಗಳ ನಂತರ ಒಡೆಯದೆಯೇ ಹಿಂದಿರುಗಿತು. ನಮಗೆ ಸಿಕ್ಕಿದ್ದ ಇಂಗ್ಲೆಂಡಿನ ವಿಳಾಸದಲ್ಲಿ ಬ್ರಿಗೇಡಿಯರ್ ಇರಲಿಲ್ಲ.

ಅಪ್ಪನಿಗೆ ಹೇಳಿದ ರಾತ್ರಿ ಮೊದಲ ಸಲ ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ. ಬ್ರಿಗೇಡಿಯರಿಗೆ ಯಾವಾಗ ನಿದ್ದೆ ಬಂತೋ, ನಮಗೆ ತಿಳಿಯಲೇ ಇಲ್ಲ.