ಮೂರನೆಯ ನಮೋ ಮರಿಯ

ಇಲ್ಲಿಯ ಚರ್ಚಿನಲ್ಲಿ ಮೊದಲ ಭಾನುವಾರ ಮಂಡಿಯೂರಿದಾಗ, ನನ್ನ ದೇವರಿಗೆ ನನ್ನ ಭಾಷೆಯೇ ಬರುವುದಿಲ್ಲವೇನೋ ಅನ್ನಿಸಿ ದಿಗಿಲಾಯಿತು. ಸುತ್ತಲಿನವರೆಲ್ಲ ಕೊಂಕಣಿಯಲ್ಲಿ ಪ್ರಾರ್ಥಿಸುತ್ತಿದ್ದರು. ಹಾಸನದ ಕಡೆಯ ನಮ್ಮೂರಲ್ಲಿ ಕನ್ನಡದ ಪೂಜೆ ಕೇಳಿಯೇ ಬೆಳೆದವಳು ನಾನು. ಎಲ್ಲರೂ ಎದ್ದಾಗ ಎದ್ದು, ಕೂತಾಗ ಕೂತು, ಬಾಯಿ ಬಿಡದೆ ಹಿಂದಿರುಗಿದೆ.

ಅರಬೈಲ್ ಘಟ್ಟದ ಹತ್ತಿರದ ಈ ಆರೋಗ್ಯ ಕೇಂದ್ರಕ್ಕೆ ನರ್ಸ್ ಆಗಿ ಬಂದದ್ದು ನಾನಾಗಿಯೇ ಕೇಳಿಕೊಂಡು. ಕಾರಣ ಊರಿನ ನಿಮ್ಮಲ್ಲಿ ಕೆಲವರಿಗೆ ಗೊತ್ತು. ಅವ್ವ ಆಸ್ಪತ್ರೆಯಿಂದ ಎರಡು ಸಲ ಫೋನ್ ಮಾಡಿದಳು. ಆಗ ಬೇರೆ ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದ ನಾನು ಸಿಡುಕಿನಿಂದ ಎರಡು ಸಲವೂ ಕಟ್ ಮಾಡಿದೆ. ಸಂಜೆಗೆ ಅವ್ವ ಇರಲಿಲ್ಲ. ಮಣ್ಣು ಮಾಡಿ ಬಂದ ಮೇಲೆ ಅಣ್ಣ, "ಊರವರ ಕೈಯೆಲ್ಲ ಹಿಡೀತೀಯ, ಅವ್ವನ ಫೋನ್ ಎತ್ತಕ್ಕಾಗ್ಲಿಲ್ವಾ? ಇನ್ನು ಈ ಮನೆ ಮೆಟ್ಲು ತುಳೀಬೇಡ," ಅಂದ. ಅವನು ಹೇಳಿದ್ದು ಸರಿಯೇ ಅನ್ನಿಸಿ ದೂರದ ಊರಿಗೆ ವರ್ಗ ಕೇಳಿಕೊಂಡೆ.

ಅಲ್ಲಿ ಮುದ್ದೆ, ಇಲ್ಲಿ ಕುಚಲಕ್ಕಿ ಗಂಜಿ. ಯಲ್ಲಾಪುರದಿಂದ ರಾಗಿಹಿಟ್ಟು ತಂದು ಮುದ್ದೆ ಕಟ್ಟಿದ ದಿನ ಏನೋ ಗೆದ್ದ ಹಾಗಾಯಿತು. ಪಕ್ಕದ ಮನೆಯ ರೊಜಿನಬಾಯಿಗೂ ಕೊಟ್ಟೆ. ಸಿದ್ದಿ ಸಮುದಾಯದ ಹಿರಿಯ ಹೆಂಗಸು, ನನ್ನ ಹಾಗೇ ಚರ್ಚಿಗೆ ಹೋಗುವವರು. ಅಗಿದು ಅಗಿದು ಸುಸ್ತಾಗಿ, "ಇದು ಮುಗಿಯೂದೇ ಇಲ್ವಲ್ಲ ನರ್ಸಬಾಯಿ," ಅಂದರು. ನುಂಗಬೇಕು ಎಂದು ತೋರಿಸಿಕೊಟ್ಟೆ. ಬಹಳ ದಿನಗಳ ಮೇಲೆ ನಕ್ಕಿದ್ದೆ.

ಒಬ್ಬಳೇ ಮನೆಯೊಳಗೆ ಬಂದರೆ ಆ ನಗು ಉಳಿಯುತ್ತಿರಲಿಲ್ಲ. ಕೊನೆಗೆ ಪಾಪನಿವೇದನೆಗೆ ಹೋದೆ. ಫಾದರ್‌ಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಎಲ್ಲ ಕೇಳಿ, ಕ್ಷಮೆಯ ಮಾತು ಹೇಳಿ, ಪ್ರಾಯಶ್ಚಿತ್ತಕ್ಕೆ ಮೂರು ನಮೋ ಮರಿಯ ಹೇಳಿ ಅಂದರು. ಮರಿಯಮಾತೆಗೆ ಹೇಳುವ, ಒಂದು ನಿಮಿಷವೂ ಹಿಡಿಯದ ಪುಟ್ಟ ಪ್ರಾರ್ಥನೆ ಅದು. ನನಗೆ ಸಿಟ್ಟು ಬಂತು.

"ಮೂರೇ? ಉಪವಾಸ ಏನಾದರೂ..."

"ದೇವರು ಬೆಲೆ ಕೇಳೂದಿಲ್ಲ. ಇದು ನಿಮ್ಮ ಸಮಾಧಾನಕ್ಕೆ," ಅಂದರು ಅವರು.

ಬೆಂಚಿನಲ್ಲಿ ಕೂತು ಎರಡು ಹೇಳಿದೆ. ಮೂರನೆಯದು ಹೇಳಲಿಲ್ಲ. ಹೇಳಿದರೆ ಮುಗಿಯಿತಲ್ಲ, ಅವ್ವನಿಗೆ ಮಾಡಿದ ಅನ್ಯಾಯ ಅಷ್ಟು ಅಗ್ಗವಾ ಎಂದು ಹಟ ಹಿಡಿದೆ. ಪ್ರಾಯಶ್ಚಿತ್ತ ಮುಗಿಸದ ಮೇಲೆ, ಪೂಜೆಯಲ್ಲಿ ಫಾದರ್ ಕೊಡುವ ಪರಮಪ್ರಸಾದಕ್ಕೂ ಹೋಗಲಿಲ್ಲ. ವಾರ ವಾರವೂ ಉಳಿದವರು ಸಾಲಿನಲ್ಲಿ ಮುಂದೆ ಹೋಗುವಾಗ ನಾನು ಕಾಲು ಸರಿಸಿ ದಾರಿ ಬಿಡುತ್ತಿದ್ದೆ. ಮಳೆಗಾಲ ಪೂರ್ತಿ ಹೀಗೇ ಕಳೆಯಿತು.

ಒಂದು ಮಧ್ಯಾಹ್ನ ರೊಜಿನಬಾಯಿ ಬಿಪಿ ನೋಡಿಸಿಕೊಳ್ಳಲು ಬಂದವರು ಕೇಳಿದರು. "ಎಂತಕ್ಕೆ ಮುಂದೆ ಬರೂದಿಲ್ಲ ನೀವು?"

ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ. ಅವರು ತೋಳಿನ ಬಿಪಿ ಪಟ್ಟಿ ಬಿಚ್ಚಲೂ ಬಿಡದೆ ಕೇಳಿಸಿಕೊಂಡರು.

"ನನ್ನ ಮಗನಿಗೆ ಜ್ವರ ಬಂದಾಗ ನಾ ಕೂಲಿಗೆ ಹೋಗಿದ್ದೆ. ಬರೂದ್ರೊಳಗೆ ಜೀವ ಹೋಗಿತ್ತು. ನಾನೂ ಫಾದರ್ ಹತ್ರ ಹೇಳ್ಕಂಡೆ, ಕೊಟ್ಟ ಪ್ರಾರ್ಥನೆ ಮುಗಿಸ್ದೆ. ದುಃಖ ಮುಗೀಲಿಲ್ಲ, ಅದು ಬೇರೆ. ದೇವ್ರು ಬಿಟ್ಟದ್ದನ್ನ ನೀವು ಹಿಡ್ಕಂಡು ಕೂತ್ರೆ ಅವ ಎಂತ ಮಾಡೂದು?"

ಆಮೇಲೆ ನನ್ನನ್ನು ಕೇಳದೆಯೇ ಕೊಂಕಣಿಯಲ್ಲಿ ನಮೋ ಮರಿಯ ಶುರು ಮಾಡಿದರು. ಅದರಲ್ಲಿ ಬರುವ 'ಕುರ್ಪಾ' ಎಂದರೆ ನಾವು ವರಪ್ರಸಾದ ಅನ್ನುವುದು, ಕೇಳದೆ ಸಿಗುವ ದೇವರ ದಯೆ. ಈ ಪ್ರಾರ್ಥನೆಯ ಅರ್ಧ ಒಬ್ಬರು ಹೇಳಿದರೆ ಉಳಿದರ್ಧ ಇನ್ನೊಬ್ಬರು ಹೇಳುವುದು ಎಲ್ಲ ಕಡೆಯ ರೂಢಿ. ಅವರು ನಿಲ್ಲಿಸಿ ಕಾದರು. ನನ್ನ ಅರ್ಧವನ್ನು ನಾನು ಕನ್ನಡದಲ್ಲಿ ಹೇಳಿದೆ. ಮರಣದ ಸಮಯ ಎನ್ನುವಲ್ಲಿಗೆ ಬಂದೆ. ಅವ್ವನಿಗೆ ಆ ಸಮಯದಲ್ಲಿ ಯಾರಿದ್ದರೋ. ಹೇಗೋ ಆಮೆನ್ ಅಂದೆ.

ಭಾನುವಾರ ಸಾಲಿನಲ್ಲಿ ಮುಂದೆ ಹೋದೆ. ಹಗುರವಾಗುತ್ತದೆ ಅಂದುಕೊಂಡಿದ್ದೆ. ಇಲ್ಲ, ಅವ್ವನಿಗಾಗಿ ಮಾಡುವುದು ಇನ್ನೇನೂ ಉಳಿಯಲಿಲ್ಲವಲ್ಲ ಎಂದು ಅಳು ಬಂತು. ರೊಜಿನಬಾಯಿ ಸರಿದು ಜಾಗ ಕೊಟ್ಟರು.

ಕ್ರಿಸ್ಮಸ್‌ಗೆ ಊರಿಗೆ ಬರುತ್ತೀಯಾ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ದೇವರು ಕ್ಷಮಿಸಿದ್ದಾನೆ, ಅಣ್ಣ ಕ್ಷಮಿಸಿಲ್ಲ. ಬಂದರೆ ಅವ್ವನ ಗೋರಿಯ ತನಕ ಬರಬಹುದು, ಅವಳ ಮನೆಯ ತನಕ ಅಲ್ಲ.