ಹನ್ನೊಂದು ಸುತ್ತಿನ ಕೌದಿ

ಮೂವತ್ತೊಂದು ವರ್ಷ ಮೈಸೂರಿನ ಸಿಟಿ ಬಸ್ಸು ಓಡಿಸಿದ ಗುರುಸಿದ್ದಯ್ಯನವರಿಗೆ, ಸ್ಟೇರಿಂಗು ತಿರುಗಿಸಿದರೆ ಬಸ್ಸು ಯಾವ ಕಡೆ ಹೋಗುತ್ತದೆ ಎಂಬುದರಲ್ಲಿ ಒಂದು ದಿನವೂ ಅನುಮಾನ ಬಂದಿರಲಿಲ್ಲ. ನಿವೃತ್ತಿಯಾದ ಮೂರನೆಯ ವರ್ಷ ಅಗ್ರಹಾರದ ತಮ್ಮ ಮನೆಯ ಹಜಾರದಲ್ಲಿ ನಿಂತು, ಕೈಯಲ್ಲಿರುವ ಹಿಡಿಯನ್ನು ನೂಕಬೇಕೋ ಎಳೆಯಬೇಕೋ ತಿಳಿಯದೆ ಬೆವರಿದರು.

ಆ ಹಿಡಿ ಒಂದು ಹೊಲಿಗೆ ಯಂತ್ರದ್ದು. ಮನೆಗಳಲ್ಲಿ ತುಳಿಯುವ ಮಿಷನ್ನಿನಂಥದ್ದಲ್ಲ. ಹತ್ತಡಿ ಉದ್ದದ ಕಬ್ಬಿಣದ ಚೌಕಟ್ಟು, ಅದಕ್ಕೆ ಉದ್ದುದ್ದ ಉರುಳೆಗಳು. ಬಟ್ಟೆಯನ್ನು ಉರುಳೆಗೆ ಸುತ್ತಿ ಬಿಗಿಯಾಗಿ ಹರಡಿದರೆ ಬಟ್ಟೆ ಕದಲುವುದಿಲ್ಲ. ಉದ್ದ ಕತ್ತಿನ ಯಂತ್ರವೇ ಚಕ್ರಗಳ ಮೇಲೆ ಹಿಂದೆ ಮುಂದೆ ಓಡಾಡಿ ಹೊಲಿಯುತ್ತದೆ. ಅವರ ಹೆಂಡತಿ ಸುಮಿತ್ರಮ್ಮನವರ ತಮ್ಮ ಯೋಗೇಂದ್ರ ರಜಾಯಿ ಹೊಲಿಯುವ ಸಣ್ಣ ಕೆಲಸ ನಡೆಸುತ್ತಿದ್ದ. ಅದನ್ನು ಮುಚ್ಚಿ ನಂಜನಗೂಡಿನ ಫ್ಯಾಕ್ಟರಿಗೆ ಸೇರುವಾಗ, ಎರಡು ತಿಂಗಳು ಇರಲಿ ಭಾವ ಎಂದು ತಂದಿಟ್ಟು ಹೋದ. ಎಂಟು ತಿಂಗಳಾಯಿತು. ಕುರ್ಚಿಗಳು ಜಗಲಿಗೆ ಹೋದವು. ಅಡುಗೆಮನೆಗೆ ಹೋಗುವವರು ಗೋಡೆಗೆ ಬೆನ್ನು ಉಜ್ಜಿಕೊಂಡೇ ಹೋಗಬೇಕು.

ಸುಮಿತ್ರಮ್ಮ ಮಗ ಹರೀಶನ ಮದುವೆಗೆ ಹಳೆಯ ಸೀರೆಗಳನ್ನು ಸೇರಿಸಿ ಕೈಯಲ್ಲೇ ಒಂದು ಕೌದಿ ಹೊಲಿದು ಕೊಟ್ಟಿದ್ದರು. ಮಗಳು ಸುಚಿತ್ರಾಳ ಕೌದಿ ಅರ್ಧಕ್ಕೆ ಬಂದಾಗ ಅವರಿಗೆ ಲಕ್ವ ಹೊಡೆಯಿತು. ನಡಿಗೆ ಸರಿಹೋಯಿತು, ಮಾತೂ ಸರಿಹೋಯಿತು. ಬಲಗೈ ಬೆರಳುಗಳಿಗೆ ಸೂಜಿ ಹಿಡಿಯುವ ಬಲ ಮಾತ್ರ ತಿರುಗಿ ಬರಲಿಲ್ಲ. ಕೌದಿಯನ್ನು ಹಳೆಯ ಪಂಚೆಯಲ್ಲಿ ಗಂಟು ಕಟ್ಟಿಸಿ ಅಟ್ಟಕ್ಕೆ ಹಾಕಿಸಿದರು. ಈಗ ಮಾಘದಲ್ಲಿ ಸುಚಿತ್ರಾಳ ಮದುವೆ. ಅಂಗಡಿಯದ್ದೇ ಒಂದು ತಂದರಾಯಿತು ಬಿಡಿ ಎಂದು ಅವಳೇ ಹೇಳಿದಳು. ಆಗ ಸುಮಿತ್ರಮ್ಮ ಎದ್ದು ಒಳಗೆ ಹೋದದ್ದನ್ನು ಗುರುಸಿದ್ದಯ್ಯ ನೋಡಿದರು.

ಉಳಿದದ್ದನ್ನು ತಾವು ಈ ಯಂತ್ರದಲ್ಲಿ ಹೊಲಿದು ಮುಗಿಸಲೇ ಎಂದು ಮರುದಿನ ಕೇಳಿದರು. ಸುಮಿತ್ರಮ್ಮ "ನೋಡಿ" ಎಂದರು. ಅಷ್ಟೇ. ಅದು ಒಪ್ಪಿಗೆಯೋ ಬೇಸರವೋ ಅವರಿಗೆ ತಿಳಿಯಲಿಲ್ಲ. ಇನ್ನೊಮ್ಮೆ ಕೇಳಲು ಧೈರ್ಯ ಬರಲಿಲ್ಲ.

ಕಲಿಯುವುದಕ್ಕೆ ಫೋನಿನಲ್ಲಿ ವಿಡಿಯೋಗಳಿದ್ದವು, ಎಲ್ಲ ಇಂಗ್ಲಿಷಿನವು. ಮಾತು ಅರ್ಥವಾಗದೆ ಕೈಗಳನ್ನು ಮಾತ್ರ ನೋಡಿದರು. ದಾರ ಎಲ್ಲೆಲ್ಲಿ ಹಾದು ಬರಬೇಕು ಎಂದು ಹಾಳೆಯಲ್ಲಿ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ಹಳೆಯ ಬೆಡ್‌ಶೀಟುಗಳನ್ನು ಸುತ್ತಿ ಹೊಲಿದು ನೋಡಿದರು. ಮೇಲೆ ಚೆಂದ ಕಂಡದ್ದು ಕೆಳಗೆ ಬಗ್ಗಿ ನೋಡಿದರೆ ಕಾಗೆಗೂಡು. ಬಲಗಾಲು ತಾನಾಗಿ ಬ್ರೇಕು ಹುಡುಕುತ್ತಿತ್ತು. ಈ ಯಂತ್ರಕ್ಕೆ ಬ್ರೇಕೇ ಇಲ್ಲ, ಎರಡು ಹಿಡಿಗಳಲ್ಲಿ ಬಲಗಡೆಯದಕ್ಕೆ ಒಂದು ಗುಂಡಿ, ಒತ್ತಿದರೆ ಓಟ, ಬಿಟ್ಟರೆ ನಿಲುಗಡೆ. ಕಣ್ಣನ್ನು ಸೂಜಿಯ ಮೇಲಿಟ್ಟರೆ ಗೆರೆ ಸೊಟ್ಟಗಾಗುತ್ತಿತ್ತು. ರಸ್ತೆ ನೋಡುವ ಹಾಗೆ ಒಂದಡಿ ಮುಂದೆ ನೋಡಿದಾಗ ನೆಟ್ಟಗಾಯಿತು. ಹಾಗೇಕೆ ಎಂದು ಅವರಿಗೆ ಗೊತ್ತಿಲ್ಲ. ಮೂರು ವಾರದ ಮೇಲೆ ಕೌದಿಯನ್ನು ಅಟ್ಟದಿಂದ ಇಳಿಸಿದರು.

ಸುಮಿತ್ರಮ್ಮ ನಾಲ್ಕೂ ಅಂಚಿನಿಂದ ಶುರುಮಾಡಿ ಒಳಮುಖವಾಗಿ ಸುತ್ತು ಸುತ್ತು ಹೊಲಿದಿದ್ದರು. ಎಣಿಸಿದರೆ ಹನ್ನೊಂದು ಸುತ್ತು, ಒಂದೊಂದು ಹೊಲಿಗೆಯೂ ಅಕ್ಕಿಕಾಳಿನಷ್ಟು. ನಡುವೆ ಚಾಪೆಯಗಲದ ಜಾಗ ಖಾಲಿ ಉಳಿದಿತ್ತು. ಗುರುಸಿದ್ದಯ್ಯ ಕೌದಿಯನ್ನು ಉರುಳೆಗಳಿಗೆ ಸುತ್ತಿ, ಆ ಖಾಲಿ ಜಾಗದಲ್ಲಿ ಆಚೆ ತುದಿಯಿಂದ ತಮ್ಮ ಕಡೆಗೆ ಸಾಲು ಸಾಲಾಗಿ ಹೊಲಿಯುತ್ತ ಬಂದರು. ಐದನೆಯ ಸಾಲಿಗೆ ಬಟ್ಟೆಯಲ್ಲಿ ಒಂದು ನಿರಿಗೆ ಎದ್ದಿತು. ಬಿಚ್ಚಿ ಮತ್ತೆ ಹೊಲಿದರು. ಮತ್ತೆ ಎದ್ದಿತು, ಈ ಸಲ ಬೆರಳು ಗಾತ್ರ. ಯೋಗೇಂದ್ರನಿಗೆ ಫೋನು ಮಾಡಿದರೆ ಇನ್ನಷ್ಟು ಬಿಗಿಯಾಗಿ ಸುತ್ತಿ ಭಾವ ಎಂದ. ಬಿಗಿ ಮಾಡಿದ ಮೇಲೆ ಎರಡು ನಿರಿಗೆಗಳು ಬಂದವು. ಸಡಿಲ ಮಾಡಿದರೆ ಮೂರು. ತಾವು ಒಂದೊಂದನ್ನೂ ಸರಿಯಾಗಿಯೇ ಮಾಡುತ್ತಿದ್ದರೂ ಒಟ್ಟು ತಪ್ಪಾಗುತ್ತಿದೆ. ಇದು ಹೇಗೆ ಎಂದು ಯೋಚಿಸಿ ಯೋಚಿಸಿ ತಲೆ ಬಿಸಿಯಾಯಿತು.

ಆ ಭಾನುವಾರ ಅವರ ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಮಹದೇವಯ್ಯ ಕಾಫಿಗೆ ಬಂದರು. ಯಂತ್ರದ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಡ್ರೈವರಿಗೆ ದೊಡ್ಡ ಗಾಡಿಯೇ ಬೇಕು ಎಂದು ನಕ್ಕರು. ನಿರಿಗೆಯ ಕಥೆ ಕೇಳಿ, ಬಗ್ಗಿ, ಕೌದಿಯ ನಾಲ್ಕು ಅಂಚನ್ನೂ ಸವರಿ ನೋಡಿದರು.

"ಎರಡು ಬಾಗ್ಲೂ ಮುಚ್ಬುಟ್ಟು, ಒಳಗೋಗಿ ಒಳಗೋಗಿ ಅಂತ ನೂಕುದ್ರೆ ಜನ ಎಲ್ಲಿಗೋಗ್ತಾರೆ ಗುರುಸಿದ್ದಣ್ಣ? ನಡುವೇನೇ ಗುಡ್ಡೆ ಬೀಳ್ತಾರೆ."

ಗುರುಸಿದ್ದಯ್ಯ ಲೋಟವನ್ನು ಕೆಳಗಿಟ್ಟರು. ಕೈಯಲ್ಲಿ ಹೊಲಿಯುವಾಗ ಹೆಚ್ಚಾದ ಬಟ್ಟೆಯನ್ನು ಸುಮಿತ್ರಮ್ಮ ಹೆಬ್ಬೆರಳಿನಿಂದ ಒತ್ತಿ ಒತ್ತಿ ಹೊಲಿಗೆ ಹೊಲಿಗೆಗೂ ಹಂಚುತ್ತಿದ್ದರು. ಯಂತ್ರಕ್ಕೆ ಹೆಬ್ಬೆರಳಿಲ್ಲ, ಅದು ಮೇಲಿನ ಪದರವನ್ನು ಮುಂದಕ್ಕೆ ನೂಕುತ್ತದೆ. ನೂಕಿದ ಬಟ್ಟೆ ಹೊರಗೆ ಹೋಗಲು ಒಂದು ಬದಿಯಾದರೂ ತೆರೆದಿರಬೇಕು. ತೆರೆಯಬೇಕೆಂದರೆ ಆ ಬದಿಯಲ್ಲಿ ಸುಮಿತ್ರಮ್ಮನವರ ಹನ್ನೊಂದು ಸಾಲನ್ನೂ ಬಿಚ್ಚಬೇಕು.

ಅದು ಗುರುಸಿದ್ದಯ್ಯನವರ ಕೈಲಾಗಲಿಲ್ಲ. ಹೆಂಡತಿಯ ಬೆರಳು ಇನ್ನೊಂದು ಸಲ ಅಂಥ ಹೊಲಿಗೆ ಹಾಕುವುದಿಲ್ಲ. ಬಿಚ್ಚದಿದ್ದರೆ ಕೌದಿ ಮುಗಿಯುವುದಿಲ್ಲ, ಬಿಚ್ಚಿದರೆ ಮುಗಿದದ್ದು ಯಾರ ಕೌದಿ? ಎರಡು ದಿನ ಯಂತ್ರಕ್ಕೆ ಬಟ್ಟೆ ಮುಚ್ಚಿ, ಜಗಲಿಯ ಕುರ್ಚಿಯಲ್ಲಿ ಕೂತು ಬೀದಿ ನೋಡಿದರು.

ಮೂರನೆಯ ದಿನ ಸುಮಿತ್ರಮ್ಮನೇ ಬಂದು, ಬಸ್ಸು ಯಾಕೆ ಡಿಪೋದಲ್ಲೇ ನಿಂತಿದೆ ಎಂದು ಕೇಳಿದರು. ಗುರುಸಿದ್ದಯ್ಯ ಎಲ್ಲವನ್ನೂ ಹೇಳಿದರು. ನಿನ್ನ ಹೊಲಿಗೆಗೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ ಎಂಬುದನ್ನು ಕೊನೆಗೆ, ತಲೆ ಎತ್ತದೆ ಹೇಳಿದರು.

"ನನ್ ಕೈ ಏನು ಅದ್ರೊಳಗೆ ಕೂತಿದ್ದದಾ? ಬಿಚ್ಚಿ ಅತ್ಲಾಗೆ."

ಆದರೆ ಬಿಚ್ಚಿದ್ದು ಸುಮಿತ್ರಮ್ಮನೇ. ಎಡಗೈಯಲ್ಲಿ ಸಣ್ಣ ಕತ್ತರಿ ಹಿಡಿದು, ನಾಲ್ಕು ಹೊಲಿಗೆಗೊಂದು ಕಡಿಯುತ್ತ, ಮಧ್ಯಾಹ್ನದವರೆಗೆ ನಿಂತರು. ಗುರುಸಿದ್ದಯ್ಯ ತುಂಡು ದಾರಗಳನ್ನು ಅಂಗೈಯಲ್ಲಿ ಹಿಡಿದು ನಿಂತರು. ಎಸೆಯುವುದೋ ಇಟ್ಟುಕೊಳ್ಳುವುದೋ ತೋಚದೆ ಜೇಬಿಗೆ ಹಾಕಿಕೊಂಡರು.

ಆಮೇಲೆ ಹೊಲಿದಾಗ ನಿರಿಗೆ ಏಳಲಿಲ್ಲ. ಸಾಲು ಸಾಲಿಗೂ ಮೇಲಿನ ಪದರ ಚೂರು ಚೂರೇ ಗುರುಸಿದ್ದಯ್ಯನವರ ಕಡೆಗೆ ಸರಿದು, ತೆರೆದ ಅಂಚಿನಿಂದ ಎರಡು ಬೆರಳಿನಷ್ಟು ಹೊರಗೆ ಬಂತು. ನಾಲ್ಕು ಸಾಲು ಮುಗಿದಿತ್ತು. ಸುಮಿತ್ರಮ್ಮ ಗೋಡೆಗೆ ಬೆನ್ನು ಉಜ್ಜಿಕೊಂಡು ಈಚೆಗೆ ಬಂದರು.

"ಸರೀರಿ ಸ್ವಲ್ಪ" ಎಂದರು.

ಬಲಗೈಯನ್ನು ಎಡಗೈಯಲ್ಲೇ ಎತ್ತಿ ಯಂತ್ರದ ಬಲಗಡೆಯ ಹಿಡಿಯ ಮೇಲಿಟ್ಟರು. ಎಡಗೈಯಿಂದ ಇನ್ನೊಂದು ಹಿಡಿಯನ್ನು ಹಿಡಿದರು. ಗುಂಡಿ ಒತ್ತುವ ಶಕ್ತಿ ಬಲಗೈ ಹೆಬ್ಬೆರಳಿಗಿರಲಿಲ್ಲ.

"ಗುಂಡಿ ನೀವು ಒತ್ತಿ. ಓಡ್ಸೋದು ನಾನು."

"ಹಂಗಾದ್ರೆ ನಾನೇನು ಕಂಡಕ್ಟ್ರಾ?"

"ರೈಟ್ ಅನ್ನಿ, ಸಾಕು."

ಗೆರೆ ಅಲ್ಲಲ್ಲಿ ಬಳುಕಿತು, ಒಂದು ಕಡೆ ಹಳ್ಳಕ್ಕೆ ಇಳಿದಂತಾಗಿ ಮತ್ತೆ ಮೇಲೆ ಬಂತು. ಕೊನೆ ಮುಟ್ಟಿದಾಗ ಸುಮಿತ್ರಮ್ಮನವರ ಹಣೆಯಲ್ಲಿ ಬೆವರಿತ್ತು. ಗುರುಸಿದ್ದಯ್ಯ ಅಭ್ಯಾಸಬಲದಿಂದ ಬಗ್ಗಿ ಕೆಳಗೆ ನೋಡಿದರು. ಅರ್ಧ ದಾರಿಯಲ್ಲೇ ಅಡಿಯ ಬಾಬಿನ್ನಿನ ದಾರ ಮುಗಿದಿತ್ತು. ಉಳಿದರ್ಧ ಬರೀ ತೂತು, ಎಳೆದರೆ ಮೇಲಿನ ದಾರ ಕಿತ್ತು ಬರುತ್ತದೆ. ಹೇಳಬೇಕೋ, ಸುಮ್ಮನಿದ್ದು ಆಮೇಲೆ ತಾವೇ ಹೊಲಿದುಬಿಡಬೇಕೋ ಎಂದು ಅವರು ಬಗ್ಗಿದವರು ಬಗ್ಗಿಯೇ ಇದ್ದರು.

ಹೊಲಿಗೆ ಎಲ್ಲಿಯವರೆಗೆ ಕೂತಿದೆ ಎಂದು ಮೇಲಿನಿಂದ ಸುಮಿತ್ರಮ್ಮ ಕೇಳಿದರು.

"ಅರ್ಧ" ಎಂದರು.

"ಅರ್ಧದಿಂದ ಹತ್ತುಸ್ಕೊಂಡ್ರಾಯ್ತು. ದಾರ ಹಾಕಿ."

ದಾರ ಸುತ್ತುತ್ತ ಗುರುಸಿದ್ದಯ್ಯನವರಿಗೆ ಒಂದು ಅನುಮಾನ ಬಂತು. ಅವತ್ತು ಇವಳು "ನೋಡಿ" ಎಂದದ್ದು ಇದಕ್ಕೇ ಇರಬಹುದೇ? ಕೌದಿ ಮುಗಿಸುವುದಕ್ಕಿಂತ ಹೆಚ್ಚಾಗಿ ಹಿಡಿಗೆ ಕೈ ಹಾಕುವುದೇ ಇವಳ ಮನಸ್ಸಿನಲ್ಲಿತ್ತೇ? ಕೇಳೋಣವೆಂದು ತಿರುಗಿದರು. ಸುಮಿತ್ರಮ್ಮ ಆಗಲೇ ಸೂಜಿಯನ್ನು ಅರ್ಧ ದಾರಿಗೆ ತಂದು ನಿಲ್ಲಿಸಿ, ಒಂದಡಿ ಮುಂದಕ್ಕೆ ನೋಡುತ್ತ ಕಾಯುತ್ತಿದ್ದರು. ಗುರುಸಿದ್ದಯ್ಯ ಬಾಬಿನ್ ಹಾಕಿ, ಗುಂಡಿಯ ಮೇಲೆ ಹೆಬ್ಬೆರಳಿಟ್ಟು, "ರೈಟ್" ಎಂದರು.